ಹಸಿ ಗಾಳಿ, ಹಸಿದ ಗಾಳಿ

ನನ್ನ ಕೈ ಬೆವರುತ್ತದೆ ಎಂದು ಮೊದಲು ಹೇಳಿದವರು ಯಾರು ಎಂಬುದಕ್ಕೆ ನನ್ನ ಬಳಿ ಒಂದಕ್ಕಿಂತ ಹೆಚ್ಚು ನೆನಪುಗಳಿವೆ. ಪ್ರತಿಯೊಂದರಲ್ಲೂ ಬೇರೆ ಬಾಯಿ. ಒಂದರಲ್ಲಿ ನಮ್ಮ ಮುಖ್ಯಸ್ಥರು ಬೆಳಗಿನ ಸಭೆಯಲ್ಲಿ ಚಹಾದ ಕಪ್ಪನ್ನು ಕಿಟಕಿಯ ಕಟ್ಟೆಯ ಮೇಲಿಡುತ್ತ, ನನ್ನ ಕಡೆ ನೋಡದೆ ಹೇಳುತ್ತಾರೆ. ಇನ್ನೊಂದರಲ್ಲಿ ಹೇಳುವವರು ಗಾಳಿ ಯಂತ್ರಗಳ ಇಂಜಿನಿಯರು. ನನ್ನನ್ನು ತಂಗಿ ಎಂದು ಕರೆಯುತ್ತಿದ್ದವರು, ಕನ್ನಡದಲ್ಲಿ, ನನ್ನ ಒಳ್ಳೆಯದನ್ನೇ ಬಯಸುವ ದನಿಯಲ್ಲಿ. ಮತ್ತೊಂದರಲ್ಲಿ ಯಾರೂ ಹೇಳುವುದೇ ಇಲ್ಲ. ಮಾತು ಆಗಲೇ ಕೋಣೆಯಲ್ಲಿದೆ, ನಾನು ಒಳಗೆ ಬಂದ ಕೂಡಲೇ ಎಲ್ಲರ ಕಣ್ಣು ನನ್ನ ಬೆರಳುಗಳಿಗೆ ಇಳಿಯುತ್ತದೆ. ಇವುಗಳಲ್ಲಿ ಒಂದನ್ನು ಆರಿಸಿ ‘ಹೀಗಾಯಿತು’ ಎಂದು ಬರೆದುಬಿಡುವುದು ಸುಲಭ. ನಾನು ಆರಿಸುವುದಿಲ್ಲ. ಬಾಯಿ ಯಾವುದೇ ಇರಲಿ, ಸಿಟ್ಟು ಮಾತ್ರ ಒಂದೇ ಇದೆ. ಅದು ಇಷ್ಟು ವರ್ಷಗಳಾದರೂ ಹಾಗೇ ಇದೆ.

ಹೈದರಾಬಾದಿನ ಅಂಚಿನಲ್ಲಿ ಔಷಧಿಗಳನ್ನು ಪರೀಕ್ಷಿಸುವ ಒಂದು ಪ್ರಯೋಗಾಲಯ. ಅಲ್ಲಿಯ ತೂಕದ ಕೋಣೆ ನನ್ನ ಸುಪರ್ದಿಯಲ್ಲಿತ್ತು. ತಕ್ಕಡಿ ಎಂದರೆ ಅಂಗಡಿಯ ತಕ್ಕಡಿಯಲ್ಲ. ಗಾಜಿನ ಪುಟ್ಟ ಮನೆಯೊಳಗೆ ಕುಳಿತ ಯಂತ್ರ. ಪಕ್ಕದಲ್ಲಿ ಯಾರಾದರೂ ಜೋರಾಗಿ ಉಸಿರು ಬಿಟ್ಟರೂ ಅದರ ಕೊನೆಯ ಅಂಕಿ ನಡುಗುತ್ತದೆ. ಅದರ ಮೇಲೆ ನಾನು ತೂಗುತ್ತಿದ್ದದ್ದು ಗಾಳಿಯಲ್ಲಿರುವ ನೀರನ್ನು ಕುಡಿಯುವ ಪುಡಿಗಳನ್ನು. ಉಪ್ಪಿನ ಡಬ್ಬಿಯ ಮುಚ್ಚಳ ತೆರೆದಿಟ್ಟರೆ ಮಳೆಗಾಲದಲ್ಲಿ ಉಪ್ಪು ಏನಾಗುತ್ತದೋ, ಈ ಪುಡಿಗಳು ಕಣ್ಣೆದುರಿಗೇ ಹಾಗಾಗುತ್ತವೆ. ನೀರು ಕುಡಿದ ಪುಡಿ ಭಾರವಾಗುತ್ತದೆ, ಭಾರ ತಪ್ಪಿದರೆ ಮುಂದಿನ ಎಲ್ಲ ಪರೀಕ್ಷೆಯೂ ತಪ್ಪು. ಆದ್ದರಿಂದ ಆ ಕೋಣೆಯ ಗಾಳಿ ಒಣಗಿರಬೇಕು. ಛಾವಣಿಯ ಮೇಲೆ ಲಾರಿಯಷ್ಟು ದೊಡ್ಡ ತಗಡಿನ ಪೆಟ್ಟಿಗೆ ಕುಳಿತಿದ್ದದ್ದೇ ಅದಕ್ಕೆ. ಹೊರಗಿನ ಗಾಳಿಯನ್ನು ಎಳೆದು, ಸೋಸಿ, ತಣಿಸಿ, ಡಕ್ಟ್ ಎಂಬ ತಗಡಿನ ಕೊಳವೆಗಳಲ್ಲಿ ನಮ್ಮ ಕೋಣೆಗಳಿಗೆ ಇಳಿಸುವ ಪೆಟ್ಟಿಗೆ ಅದು.

ಆದರೆ ಆ ಕೋಣೆಯನ್ನು ಒಣ ಕೋಣೆ ಎಂದು ಯಾರೂ ಕರೆಯುತ್ತಿರಲಿಲ್ಲ. ಎಲ್ಲರ ಬಾಯಲ್ಲಿ ಅದು ‘ಥಂಡಾ ರೂಮ್’. ಎಲ್ಲ ಕೆಡುಕೂ ಆ ಹೆಸರಿನಿಂದ ಹುಟ್ಟಿತು ಎಂದರೆ ಅತಿಯಾಗುತ್ತದೆ. ಅರ್ಧ ಕೆಡುಕು ಎನ್ನುತ್ತೇನೆ. ಬೇಸಿಗೆಯಲ್ಲಿ ಊಟದ ನಂತರ ಅಕ್ಕಪಕ್ಕದ ವಿಭಾಗದವರು ಏನೋ ನೆಪ ಮಾಡಿಕೊಂಡು ಬಂದು ಅದರ ಬಾಗಿಲಲ್ಲಿ ನಿಂತು ಕಾಲರ್ ಬಿಚ್ಚಿಕೊಳ್ಳುತ್ತಿದ್ದರು. ಈ ಊರಿನಲ್ಲಿ ಬೆಳೆದ ಚರ್ಮಕ್ಕೆ ತಂಪು ಎಂದರೆ ಕೂಲರ್. ಕಾಚಿಗೂಡದ ನಮ್ಮ ಮನೆಯಲ್ಲೂ ಅದೇ: ಕಿಟಕಿಗೆ ಸಿಕ್ಕಿಸಿದ ತಗಡಿನ ಡಬ್ಬ, ಅದರೊಳಗೆ ಹುಲ್ಲಿನ ಪರದೆ, ಅದರ ಮೇಲೆ ನೀರು. ಬರುವ ಗಾಳಿ ತಣ್ಣಗಿರುತ್ತದೆ, ಯಾಕೆಂದರೆ ಅದು ಒದ್ದೆಯಾಗಿದೆ. ತಂಪು ಮತ್ತು ತೇವ ಗಂಡ ಹೆಂಡತಿಯ ಹಾಗೆ ಜೊತೆಗೇ ಬರುತ್ತವೆ ಎಂದು ಏಪ್ರಿಲ್ ಮೇ ತಿಂಗಳುಗಳು ನಮಗೆ ಕಲಿಸಿವೆ. ಹೀಗಾಗಿ ಒಂದು ಕೋಣೆ ತಣ್ಣಗಿದ್ದರೆ ಅದರ ಮೇಲೆ ದೂರು ಹೇಳುವುದು ಇಲ್ಲಿ ಸೊಕ್ಕಿನ ಮಾತು.

ಆ ವರ್ಷ ಮಳೆ ಶುರುವಾದಾಗ ನನ್ನ ತೂಕಗಳು ನಿಲ್ಲುವುದನ್ನು ಬಿಟ್ಟವು. ಪುಡಿಯನ್ನು ಇಟ್ಟು ಬಾಗಿಲು ಮುಚ್ಚಿದರೆ ಅಂಕಿ ಏರುತ್ತಲೇ ಇತ್ತು. ಗೋಡೆಯ ತೇವಮಾಪಕದ ಮುಳ್ಳು ಕೆಂಪು ಗೆರೆ ದಾಟಿ ಮಲಗಿತ್ತು. ಇಂಜಿನಿಯರ ಬಳಿ ಹೋದೆ. ಅವರು ರಾಯಚೂರಿನವರು, ನಾವು ಕಲಬುರಗಿಯವರು. ಇಡೀ ಕಟ್ಟಡದಲ್ಲಿ ಕನ್ನಡ ಮಾತಾಡುವವರು ನಾವಿಬ್ಬರೇ. ಅವರ ಹೆಂಡತಿ ಕಟ್ಟಿಕೊಟ್ಟ ಶೇಂಗಾ ಚಟ್ನಿಪುಡಿಯಲ್ಲಿ, ನಮ್ಮ ಕಡೆಯ ಮಾತಿನಲ್ಲಿ ಶೇಂಗಾ ಹಿಂಡಿಯಲ್ಲಿ, ನನಗೂ ಒಂದು ಪಾಲಿರುತ್ತಿತ್ತು.

“ಅಣ್ಣಾರ, ಕೋಣ್ಯಾಗ ತೇವ ಭಾಳ ಆಗೇತ್ರಿ.”

“ತೇವ ಎಲ್ಲಿಂದ ಬರತೈತಿ ತಂಗಿ? ಹೊರಗ ಹೋಗಿ ನೋಡು, ಮಂದಿ ಬೆವರಾಕತ್ತಾರ. ನಿಂದು ಕಾಶ್ಮೀರ ಆಗೇತಿ.”

“ಮುಳ್ಳು ನೋಡ್ರಿ ನೀವು.”

“ಮುಳ್ಳಿಗೇನು ತಿಳೀತೈತಿ. ಆತು, ಇನ್ನೊಂದೀಟು ಥಂಡ ಮಾಡಿಸ್ತೀನಿ.”

ಅವರು ಕೋಣೆಯನ್ನು ಇನ್ನಷ್ಟು ತಣ್ಣಗೆ ಮಾಡಿಸಿದರು. ತೇವ ಹೋಗಲಿಲ್ಲ. ಮತ್ತೆ ಹೇಳಿದೆ. ಮತ್ತೆ ತಣ್ಣಗಾಯಿತು. ನಾನು ಸ್ವೆಟರ್ ಹಾಕಿಕೊಂಡು ತೂಗತೊಡಗಿದೆ. ಕೋಣೆಯ ಗಾಜಿನ ಬಾಗಿಲಿನ ಹೊರಮೈಯಲ್ಲಿ ಹನಿ ಕಟ್ಟತೊಡಗಿತು. ತೇವಮಾಪಕ ಕೆಟ್ಟಿದೆ ಎಂದು ಬೇರೆಯದನ್ನು ತಂದು ಹಾಕಿದರು, ಅದೂ ಅದನ್ನೇ ಹೇಳಿತು. ಆಗ ನಾನು ಬಾಗಿಲನ್ನು ಮೇಲಿಂದ ಮೇಲೆ ತೆರೆಯುತ್ತೇನೆ ಎಂದರು. ನಡುವೆ ಒಂದು ದಿನ ಬಿಸಿಲು ಬಿದ್ದಿತ್ತು, ನಾನು ರಜೆಯಲ್ಲಿದ್ದೆ, ನನ್ನ ಬದಲಿಗೆ ಕುಳಿತವನ ತೂಕಗಳು ಗಟ್ಟಿಯಾಗಿ ನಿಂತವು. ಅಲ್ಲಿಗೆ ಸಾಕಾಯಿತು. ತಪ್ಪು ಗಾಳಿಯದಲ್ಲ, ಯಂತ್ರದ್ದಲ್ಲ. ನನ್ನದು.

“ಏಮಮ್ಮಾ, ಚೇತುಲು ಚೆಮಟ ಪಡ್ತಾಯಾ?” ಕೈ ಬೆವರುತ್ತವೆಯೇನಮ್ಮ ಎಂದು ಮುಖ್ಯಸ್ಥರು ತೆಲುಗಿನಲ್ಲಿ ಕೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸುತ್ತದೆ, ಅದು ಮೊದಲ ಸಲವೋ ಅಲ್ಲವೋ. ಬೈದಿರಲಿಲ್ಲ. ಬೈದಿದ್ದರೆ ಜಗಳ ಆಡಬಹುದಿತ್ತು. ಮಗಳನ್ನು ಕೇಳಿದ ಹಾಗೆ ಕೇಳಿದರು. ಸಭೆಯಲ್ಲಿದ್ದವರು ಅನುಕಂಪದಿಂದ ತಲೆಯಾಡಿಸಿದರು. ಪುಡಿಯನ್ನು ನಾನು ಕೈಯಿಂದ ಮುಟ್ಟುವುದೇ ಇಲ್ಲ, ಚಿಮಟದಲ್ಲಿ ಹಿಡಿಯುತ್ತೇನೆ, ಉಕ್ಕಿನ ಸಣ್ಣ ಚಮಚದಲ್ಲಿ ಹಾಕುತ್ತೇನೆ, ಕೈಗವಸು ಇದ್ದೇ ಇರುತ್ತದೆ, ಇದೆಲ್ಲ ಅಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತಿತ್ತು. ಗೊತ್ತಿದ್ದೂ ಇಂಜಿನಿಯರು ಹೇಳಿದರು, ಹಿಂದಿಯಲ್ಲಿ: ಗಾಜಿನ ಮನೆಯೊಳಗೆ ಕೈ ಹೋದಾಗ ಬೆವರಿನ ಆವಿಯೂ ಹೋಗುತ್ತದೆ ಸರ್, ಕೆಲವರಿಗೆ ಹುಟ್ಟಿನಿಂದಲೇ ಹಾಗಿರುತ್ತದೆ. ಅದರಲ್ಲಿ ಒಂದು ಚಿಟಿಕೆ ನಿಜ ಇತ್ತು. ಚಿಟಿಕೆ ನಿಜ ಇರುವ ಸುಳ್ಳಿಗಿಂತ ಬಲವಾದದ್ದು ಈ ಲೋಕದಲ್ಲಿ ನಾನು ಕಂಡಿಲ್ಲ. ಹೊರಗೆ ಬಂದ ಮೇಲೆ ಅವರೇ ಕನ್ನಡದಲ್ಲಿ, “ಮನಸ್ಸಿಗೆ ಹಚ್ಕೋಬ್ಯಾಡ ತಂಗಿ, ಅದೇನು ನಿನ್ನ ತಪ್ಪಲ್ಲ, ದೇಹಪ್ರಕೃತಿ” ಎಂದರು.

ನಾನು ಎರಡು ಜೊತೆ ಕೈಗವಸು ಹಾಕಿಕೊಳ್ಳಬೇಕು ಎಂದು ತೀರ್ಮಾನವಾಯಿತು. ನಾನೊಬ್ಬಳೇ. ಮಳೆಗಾಲ ಮುಗಿಯುವುದರೊಳಗೆ ತೂಕಗಳು ನೆಟ್ಟಗಾಗದಿದ್ದರೆ ಕೋಣೆ ಬೇರೆಯವರಿಗೆ, ನನಗೆ ಮಾದರಿಗಳ ಡಬ್ಬ ತೆಗೆದುಕೊಂಡು ಚೀಟಿ ಹಚ್ಚುವ ಕೌಂಟರು. ನಮ್ಮ ವೃತ್ತಿಯಲ್ಲಿ ಕೈ ಸರಿಯಿಲ್ಲ ಎಂಬ ಮಾತು ಒಮ್ಮೆ ಅಂಟಿದರೆ ಬೇರೆ ಪ್ರಯೋಗಾಲಯಕ್ಕೆ ಹೋದರೂ ಅದು ನಮಗಿಂತ ಮೊದಲು ತಲುಪಿರುತ್ತದೆ. ಅಡುಗೆಯವನಿಗೆ ನಾಲಿಗೆ ಇಲ್ಲ ಎಂದ ಹಾಗೆ.

ಆ ವಾರಗಳಲ್ಲಿ ನನಗೆ ಎಲ್ಲೆಲ್ಲೂ ಕೈಗಳೇ ಕಂಡವು. ಅಮೀರ್‌ಪೇಟೆಯಲ್ಲಿ ಮೆಟ್ರೋ ಬದಲಿಸುವಾಗ ಹಿಡಿದ ಕಂಬದ ಮೇಲೆ ನನ್ನ ಬೆರಳಿನ ಗುರುತು ಉಳಿಯಿತೇ ಎಂದು ಇಳಿಯುವ ಮುಂಚೆ ಬಗ್ಗಿ ನೋಡುತ್ತಿದ್ದೆ. ಉಳಿಯುತ್ತಿತ್ತು. ಎಲ್ಲರದೂ ಉಳಿಯುತ್ತದೆ ಎಂದು ನನಗೆ ನಾನೇ ಹೇಳಿಕೊಳ್ಳಬೇಕಾಗಿತ್ತು. ಒಬ್ಬ ಗೆಳತಿ ಕೈ ಕುಲುಕಿ ತನ್ನ ದುಪಟ್ಟಾಕ್ಕೆ ಒರೆಸಿಕೊಂಡಳು. ಒರೆಸಿಕೊಂಡಳೋ, ದುಪಟ್ಟಾ ಸರಿ ಮಾಡಿಕೊಂಡಳೋ? ಈಗ ಕೇಳುವುದು ಹೇಗೆ. ರೊಟ್ಟಿ ತಟ್ಟುವಾಗ ಹಿಟ್ಟು ಅಂಗೈಗೆ ಅಂಟಿದರೆ ಕೈ ನಿಂತುಬಿಡುತ್ತಿತ್ತು. ಮನೆಯಲ್ಲಿ ಗಂಡನಿಗೆ ಹೇಳಿದೆ. ಅವನು ನನ್ನ ಅಂಗೈ ಹಿಡಿದು ಗಂಭೀರವಾಗಿ ಮೂಸಿದ.

“ಏನು ಮೂಸತಿ?”

“ಲಗ್ನದಾಗ ಭಟ್ಟರು ಈ ಕೈ ಹಿಡಿಸಿದ್ರಲ್ಲ, ಆವಾಗ ಒಣಾನ ಇತ್ತು. ಮಾಲು ಬದಲಿ ಮಾಡ್ಯಾರೇನು ಅಂತ.”

ನಗಿಸಲೆಂದು ಹೇಳಿದ್ದು. ನಗು ಬರಲಿಲ್ಲ. ಅವನ ಹಿಡಿತದಿಂದ ಕೈ ಕಿತ್ತುಕೊಂಡು ಒಳಗೆ ಹೋದೆ. ಅದಕ್ಕೂ ನನಗೆ ಸಿಟ್ಟಿದೆ. ಅವನ ಮೇಲಲ್ಲ, ನನ್ನ ಅಂಗೈಯನ್ನು ನನ್ನ ಗಂಡನ ತಮಾಷೆಗೂ ಸಿಗದ ಹಾಗೆ ಮಾಡಿದವರ ಮೇಲೆ.

ಕಾರಣ ತಿಳಿದದ್ದು ಒಂದು ತಮಾಷೆಯಿಂದಲೇ. ತೂಗುತ್ತ ಕುಳಿತಾಗ ತಲೆಯ ಮೇಲಿನ ಜಾಲರಿಯಿಂದ ಇಳಿಯುವ ಗಾಳಿ ನನ್ನ ಕುತ್ತಿಗೆಗೆ ಬಡಿಯುತ್ತಿತ್ತು. ಹಿಂದಿನ ಮಳೆಗಾಲಗಳಲ್ಲಿ ಆ ಗಾಳಿ ಹೀಗೆ ಕೊರೆಯುತ್ತಿರಲಿಲ್ಲ, ಸ್ವಲ್ಪ ಬೆಚ್ಚಗೇ ಇರುತ್ತಿತ್ತು ಎಂದು ಕುತ್ತಿಗೆಗೆ ಅನ್ನಿಸಿತು. ಕುತ್ತಿಗೆಯ ನೆನಪನ್ನು ನಾನು ತಲೆಯ ನೆನಪಿಗಿಂತ ಹೆಚ್ಚು ನಂಬುತ್ತೇನೆ, ಅದಕ್ಕೆ ಕಥೆ ಕಟ್ಟಲು ಬರುವುದಿಲ್ಲ. ಊಟದ ಹೊತ್ತಿಗೆ ಇಂಜಿನಿಯರನ್ನು ಕೇಳಿದೆ.

“ಅಣ್ಣಾರ, ಆ ಡಕ್ಟಿನ್ಯಾಗ ಹೀಟರ್ ಇತ್ತಲ್ರಿ, ನಡದೈತೇನದು?”

ಅವರಿಗೆ ಖುಷಿಯಾಯಿತು. ತುತ್ತು ಬಾಯಲ್ಲಿಟ್ಟುಕೊಂಡೇ ನಕ್ಕರು.

“ಅದರ ಕನೆಕ್ಷನ್ ಬ್ಯಾಸಗ್ಯಾಗ ತಗಿಸಿಬಿಟ್ಟೀನಿ. ಕರೆಂಟ್ ಉಳಸೂ ಸ್ಪರ್ಧಾದಾಗ ನನಗ ಶಾಲು ಹೊದಿಸಿದ್ರಲ್ಲ, ಅದು ಇದಕ್ಕನ. ಒಂದು ಕಡೆ ಗಾಳಿ ಥಂಡ ಮಾಡೂದು, ಮುಂದ ಅದನ್ನ ಬಿಸಿ ಮಾಡೂದು. ಯಾವ ಶಾಣ್ಯಾ ಕೂಡಿಸಿದ್ನೋ. ಐಸ್‌ಕ್ರೀಮ್ ಮ್ಯಾಲೆ ಬಿಸಿ ಸಾರು ಹಾಕ್ಕೊಂಡು ತಿಂತಾರೇನು ತಂಗಿ ಯಾರರ?”

ನನ್ನ ಕೈಯಲ್ಲಿದ್ದ ರೊಟ್ಟಿ ಕೈಯಲ್ಲೇ ಉಳಿಯಿತು.

ಇದನ್ನು ಇಲ್ಲಿ ವಿವರಿಸಲೇಬೇಕು, ಇಲ್ಲದಿದ್ದರೆ ನನ್ನ ಸಿಟ್ಟು ಯಾರಿಗೂ ಅರ್ಥವಾಗುವುದಿಲ್ಲ. ಹೊರಗಿನ ಮಳೆಗಾಲದ ಗಾಳಿ ನೀರು ತುಂಬಿಕೊಂಡು ಪೆಟ್ಟಿಗೆಯೊಳಗೆ ಬರುತ್ತದೆ. ಅಲ್ಲಿ ತಣ್ಣನೆಯ ಕೊಳವೆಗಳ ಸಾಲಿಗೆ ತಾಗಿದಾಗ ಅದರ ಹೊಟ್ಟೆ ಕುಗ್ಗುತ್ತದೆ, ಹಿಡಿಸದ ನೀರು ಹನಿಯಾಗಿ ಕೆಳಗೆ ಬೀಳುತ್ತದೆ. ಇಷ್ಟರಿಂದ ಗಾಳಿ ಒಣಗಿತು ಎಂದುಕೊಳ್ಳುತ್ತಾರೆ. ಇಲ್ಲ. ನೀರು ಕಡಿಮೆಯಾಗಿದೆ, ಆದರೆ ಕುಗ್ಗಿದ ಆ ಹೊಟ್ಟೆಗೆ ಉಳಿದ ನೀರೇ ಗಂಟಲಮಟ್ಟ. ಆ ಗಾಳಿಯನ್ನು ಹಾಗೆಯೇ ಕೋಣೆಗೆ ಬಿಟ್ಟರೆ ಅದು ತಣ್ಣಗಿರುತ್ತದೆ, ಹಸಿಯಾಗಿರುತ್ತದೆ. ಅದನ್ನು ಸ್ವಲ್ಪ ಬೆಚ್ಚಗೆ ಮಾಡಿದಾಗ ಹೊಟ್ಟೆ ಮತ್ತೆ ಹಿಗ್ಗುತ್ತದೆ, ಈಗ ಅದಕ್ಕೆ ಹಸಿವು. ಕೋಣೆಯಲ್ಲಿರುವ ತೇವವನ್ನೆಲ್ಲ ಅದು ಕುಡಿಯುತ್ತದೆ. ನನ್ನ ಭಾಷೆಯಲ್ಲಿ ಇದನ್ನು ಹೇಳಲು ಒಂದೇ ಅಕ್ಷರ ಸಾಕು: ಹಸಿ ಗಾಳಿ, ಹಸಿದ ಗಾಳಿ. ನಡುವಿನ ಆ ‘ದ’ ಹೀಟರಿನದು. ಅವರು ಕಿತ್ತುಹಾಕಿದ್ದು ಅದನ್ನು. ನಾನು ಪ್ರತಿ ಸಲ ತೇವ ಎಂದು ದೂರಿದಾಗಲೂ ಕೋಣೆಯನ್ನು ಇನ್ನಷ್ಟು ತಣ್ಣಗೆ ಮಾಡಿ, ಗಾಳಿಯ ಹೊಟ್ಟೆಯನ್ನು ಇನ್ನಷ್ಟು ಕುಗ್ಗಿಸಿ, ನನ್ನ ಕೈ ನೋಡಿದರು.

ಇದನ್ನೇ ಅವರಿಗೆ ಹೇಳಿದೆ. ಕನ್ನಡದಲ್ಲಿ, ಹೊಟ್ಟೆ ಹಸಿವು ಎಲ್ಲ ಸೇರಿಸಿ. ಅವರಿಗೆ ಅರ್ಥವಾಯಿತು. ಅವರು ದಡ್ಡರಲ್ಲ. ಅರ್ಥವಾದದ್ದು ಅವರ ಮುಖದಲ್ಲಿ ಕಂಡಿತು, ಡಬ್ಬಿ ಮುಚ್ಚಿದರು, ಛಾವಣಿಗೆ ಹೋಗುವ ಮೆಟ್ಟಿಲ ಕಡೆಗೆ ನನ್ನನ್ನು ಕರೆದುಕೊಂಡು ಹೋದರು. ಅಲ್ಲಿ ಯಂತ್ರದ ಸದ್ದು ಜೋರು, ಬೇರೆಯವರಿಗೆ ಕೇಳಿಸದು.

“ನೋಡು ತಂಗಿ, ನಾ ಒಂದು ಮಾತು ಹೇಳತೀನಿ, ನಮ್ಮ ಮಂದಿ ಅಂತ. ನೀ ಇದನ್ನ ಯಾರಿಗೂ ಹೇಳಬ್ಯಾಡ. ನಾ ಸುಮ್ಮ ಹೀಟರ್ ಹಚ್ಚಿಸಿಬಿಡತೀನಿ.”

“ಹಚ್ಚಿಸ್ರಿ. ಆಮ್ಯಾಲೆ?”

“ಆಮ್ಯಾಲೇನು, ನಿನ್ನ ತೂಕ ನಿಂದರತಾವ. ಎಲ್ಲಾರೂ ಏನಂತಾರ? ಎರಡೆರಡು ಗ್ಲೌಸ್ ಹಾಕ್ಕೊಂಡ್ಲು, ಸರಿ ಆತು ಅಂತಾರ. ನಿನಗೂ ಚಲೋ, ನನಗೂ ಚಲೋ.”

ಯಂತ್ರದ ಸದ್ದಿನಲ್ಲಿ ನಾನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲವೇನೋ ಎಂದುಕೊಂಡೆ.

“ಅಂದ್ರ ನನ್ನ ಕೈಯಾಗ ದೋಷ ಇತ್ತು, ಗ್ಲೌಸ್ ಹಾಕಿದ್ದಕ್ಕ ಹೋತು. ಹಂಗೇನ್ರಿ?”

“ಹಂಗ ಯಾಕ ತಿಳ್ಕೋತಿ? ದೋಷ ಹೋತು ಅಂತ ತಿಳ್ಕೋ.”

“ಇದ್ದರಲ್ರೀ ಹೋಗೂದು.”

“ಶಾಲು ಹೊದಿಸಿಕೊಂಡ ಮನಷಾ ನಾನು. ಫೋಟೋ ಹಚ್ಯಾರ ಕೆಳಗ. ಈಗ ಹೋಗಿ ತಪ್ಪಾತು ಅಂದ್ರ ನನ್ನ ಗತಿ ಏನು? ತಂಗಿ ಅಂತ ಕರದೀನಿ ನಿನಗ.”

ಇಲ್ಲಿ ನೆನಪು ನನಗೊಂದು ಭಾಷಣ ಬರೆದುಕೊಟ್ಟಿದೆ. ಒಳ್ಳೆಯ ಭಾಷಣ, ಅದರಲ್ಲಿ ತಂಗಿ ಎಂಬ ಶಬ್ದದ ಮೇಲೆ ಎರಡು ಚೂಪಾದ ವಾಕ್ಯಗಳಿವೆ. ವರ್ಷಗಳಿಂದ ಸ್ನಾನ ಮಾಡುವಾಗ, ಬಸ್ಸಿನಲ್ಲಿ, ಅದನ್ನು ತಿದ್ದಿ ತಿದ್ದಿ ಇಟ್ಟಿದ್ದೇನೆ. ಅದನ್ನು ನಾನು ಅಂದು ಹೇಳಿಲ್ಲ. ಹೇಳಿದ್ದು, “ಬ್ಯಾಡ್ರಿ, ಹೀಟರ್ ಹಚ್ಚಬ್ಯಾಡ್ರಿ” ಎಂದಷ್ಟೇ. ಅವರು ನನಗೆ ಹುಚ್ಚು ಹಿಡಿಯಿತೇ ಎಂಬಂತೆ ನೋಡಿದರು. ಒಣ ಗಾಳಿಗಾಗಿ ಇಡೀ ಮಳೆಗಾಲ ಬೇಡಿದವಳು ಈಗ ಬೇಡ ಎನ್ನುತ್ತಿದ್ದಳು. ಆದರೆ ಗುಟ್ಟಾಗಿ ಬಂದ ಒಣ ಗಾಳಿ ನನ್ನ ಕೈಗಳನ್ನು ಶಾಶ್ವತವಾಗಿ ಒದ್ದೆ ಮಾಡುತ್ತಿತ್ತು. ಹೀಟರು ಎಲ್ಲರೆದುರು ಹೊತ್ತಬೇಕಿತ್ತು. ಅದಕ್ಕಿಂತ ಮೊದಲು, ಅದು ಆರಿರುವಾಗ, ನನ್ನದಲ್ಲದ ಕೈಯೊಂದು ಆ ಪುಡಿಯನ್ನು ತೂಗಬೇಕಿತ್ತು.

ಯಾರ ಕೈ ಎಂದು ಬಹಳ ಯೋಚಿಸಬೇಕಾಗಲಿಲ್ಲ. ಮುಖ್ಯಸ್ಥರು ತಮ್ಮ ಕಾಲದಲ್ಲಿ ತೂಗುವುದರಲ್ಲಿ ಹೆಸರುವಾಸಿ, ಅದನ್ನು ಅವರೇ ಹೇಳಿಕೊಳ್ಳುತ್ತಿದ್ದರು. ಮರುದಿನ ಬೆಳಿಗ್ಗೆ ಅವರ ಕೋಣೆಗೆ ಹೋಗಿ ನನ್ನ ಮುರುಕು ತೆಲುಗಿನಲ್ಲಿ, “ಸರ್, ಒಕ್ಕಸಾರಿ ಮೀರೇ ತೂಚಂಡಿ” ಎಂದೆ. ಒಂದು ಸಲ ನೀವೇ ತೂಗಿ ತೋರಿಸಿ, ಕಲಿಯುತ್ತೇನೆ. ಕಲಿಯುತ್ತೇನೆ ಎಂಬ ಮಾತಿಗೆ ಅವರು ಎದ್ದು ನಿಂತರು. ತೋಳು ಮಡಿಸಿಕೊಳ್ಳುತ್ತ ಬಂದರು. ಬರುವ ದಾರಿಯಲ್ಲಿ ಇಂಜಿನಿಯರನ್ನೂ ಕರೆದರು, ನೋಡುವವರಿರಲಿ ಎಂದು. ಇನ್ನೂ ಕೆಲವರು ಬಾಗಿಲಲ್ಲಿ ಸೇರಿದರು.

ಹೊರಗೆ ಮಳೆ ಸುರಿಯುತ್ತಿತ್ತು ಎಂದು ಬರೆಯಹೊರಟು ಕೈ ತಡೆಯಿತು. ಸುರಿಯುತ್ತಿತ್ತೇ? ಇಂಥ ಹೊತ್ತಿಗೆ ಕಥೆಗೆ ಮಳೆ ಬೇಕಾಗುತ್ತದೆ, ಆದ್ದರಿಂದಲೇ ನನಗೆ ಅದರ ಮೇಲೆ ಅನುಮಾನ. ಮುಳ್ಳು ಕೆಂಪು ಗೆರೆಯ ಆಚೆ ಇತ್ತು, ಅಷ್ಟು ಖಚಿತ.

ಮುಖ್ಯಸ್ಥರು ಒಂದೇ ಜೊತೆ ಕೈಗವಸು ಹಾಕಿಕೊಂಡರು. ಚೆನ್ನಾಗಿಯೇ ತೂಗಿದರು, ಸುಳ್ಳೇಕೆ ಹೇಳಲಿ, ಬೆರಳುಗಳಲ್ಲಿ ಇನ್ನೂ ಹಳೆಯ ಹದ ಇತ್ತು. ಪುಡಿ ಹಾಕಿ, ಗಾಜಿನ ಬಾಗಿಲು ಸರಿಸಿ, ಕೈ ಕಟ್ಟಿ ನಿಂತರು. ಅಂಕಿ ನಿಂತಂತೆ ಮಾಡಿ ಏರಿತು. ಮತ್ತೆ ಏರಿತು. ಅವರು ಅದನ್ನು ತೆಗೆದು, ಹೊಸದಾಗಿ ಪುಡಿ ಹಾಕಿದರು. ಅದೂ ಏರಿತು. ಬಾಗಿಲಲ್ಲಿ ಯಾರೋ ಕೆಮ್ಮಿದರು.

“ಮಷೀನ್ ಖರಾಬ್” ಎಂದರು ಮುಖ್ಯಸ್ಥರು.

ನಾನು ಚಿಮಟದಲ್ಲಿ ಉಕ್ಕಿನ ತೂಕದ ಬಟ್ಟನ್ನು ಎತ್ತಿ ತಕ್ಕಡಿಯ ಮೇಲಿಟ್ಟೆ. ಅಂಕಿ ಕಲ್ಲಿನ ಹಾಗೆ ನಿಂತಿತು. ಉಕ್ಕಿಗೆ ನೀರಡಿಕೆ ಇಲ್ಲ. ಯಂತ್ರ ಸರಿಯಿದೆ, ಕೈ ಅವರದು, ಉಳಿದದ್ದು ಗಾಳಿ. ಈಗ ನಾನು ಹೀಟರಿನ ಮಾತು ಎತ್ತಿದೆ, ಹಿಂದಿಯಲ್ಲಿ, ಎಲ್ಲರಿಗೂ ತಿಳಿಯಲೆಂದು. ಹೊಟ್ಟೆ, ಹಸಿವು ಯಾವುದೂ ಆ ಭಾಷೆಯಲ್ಲಿ ನನಗೆ ಒದಗಲಿಲ್ಲ, ಆದರೂ ಹೇಳಿದೆ. ಮುಖ್ಯಸ್ಥರು ಇಂಜಿನಿಯರ ಕಡೆ ತಿರುಗಿದರು.

“ಅಂದುಲೋ ಹೀಟರ್ ಉಂದಾ?” ಅದರಲ್ಲಿ ಹೀಟರ್ ಇದೆಯೇ?

“ಉಂಡೇದಿ ಸರ್. ಮೀರೇ ತೀಸೆಯ್ಯಮನ್ನಾರು.” ಇತ್ತು, ನೀವೇ ತೆಗೆಸಲು ಹೇಳಿದಿರಿ.

ಶಾಲು ಯಾರ ಹೆಗಲಿಗೆ ಬಿದ್ದಿತ್ತೋ, ಅದು ಆ ಕ್ಷಣದಲ್ಲಿ ಅಲ್ಲಿ ಯಾರದೂ ಆಗಿರಲಿಲ್ಲ. ನನ್ನ ಕೈಗಳು ಮಾತ್ರ ವಾರಗಟ್ಟಲೆ ನನ್ನವೇ ಆಗಿದ್ದವು. ಮುಖ್ಯಸ್ಥರು, ಹಾಗಾದರೆ ಹಾಕಿಸಿ ಎಂದರು. ಯಾರೋ ಛಾವಣಿಗೆ ಹೋದರು. ಊಟ ಮಾಡಿ ಬರುವಷ್ಟರಲ್ಲಿ ಮುಳ್ಳು ಗೆರೆಯ ಈಚೆಗೆ ಬಂದಿತ್ತು, ಜಾಲರಿಯ ಗಾಳಿ ಕುತ್ತಿಗೆಯನ್ನು ಕೊರೆಯುವುದನ್ನು ಬಿಟ್ಟಿತ್ತು. ನಾನು ಒಂದೇ ಜೊತೆ ಕೈಗವಸು ಹಾಕಿ ತೂಗಿದೆ. ಅಂಕಿ ಬಂದಲ್ಲೇ ನಿಂತಿತು.

“ಗುಡ್, ಗುಡ್” ಎಂದು ಮುಖ್ಯಸ್ಥರು ಹೊರಡಲು ತಿರುಗಿದರು.

“ನಾ ಚೇತುಲ ಸಂಗತಿ, ಸರ್?” ಎಂದೆ. ನನ್ನ ಕೈಗಳ ವಿಷಯ?

ಅವರು ನಿಜವಾಗಿಯೂ ಅಚ್ಚರಿಯಿಂದ ನೋಡಿದರು. ಇದನ್ನು ನಾನು ಎಷ್ಟು ಸಲ ತಿರುವಿ ನೋಡಿದರೂ ಆ ಅಚ್ಚರಿಯಲ್ಲಿ ನಟನೆ ಕಾಣುವುದಿಲ್ಲ. “ನೀ ಚೇತುಲಕೇಮೈಂದಮ್ಮಾ? ಬಾಗಾನೇ ಉನ್ನಾಯಿ ಕದಾ.” ನಿನ್ನ ಕೈಗಳಿಗೇನಾಗಿದೆಯಮ್ಮ, ಚೆನ್ನಾಗಿಯೇ ಇವೆಯಲ್ಲ. ಆ ಮನುಷ್ಯನ ತಲೆಯಲ್ಲಿ ಆ ಇಡೀ ಮಳೆಗಾಲ ಆಗಲೇ ಒರೆಸಿ ಒಣಗಿಸಿ ಇಟ್ಟಾಗಿತ್ತು. ಬೆವರು ಎಂದವರಿಲ್ಲ, ಎರಡು ಜೊತೆ ಎಂದವರಿಲ್ಲ, ಕೌಂಟರು ಎಂದವರಿಲ್ಲ. ಸುಳ್ಳು ಹೇಳಿದ್ದರೆ ಹಿಡಿಯಬಹುದಿತ್ತು. ಮರೆತವರನ್ನು ಹಿಡಿಯುವುದು ಎಲ್ಲಿ?

ಆಗ ನನ್ನ ಬಾಯಿಂದ ಕನ್ನಡ ಬಂತು. ತೆಲುಗು ಹಿಂದಿ ಎರಡೂ ಎಲ್ಲೋ ಹೋದವು.

“ನಿಮ್ಮ ಬಾಯಿಂದ ಹೋದ ಮಾತು ನಿಮ್ಮ ಬಾಯಿಂದನ ತಿರುಗಿ ಬರಬೇಕ್ರಿ. ಅಲ್ಲೀತನಕ ನಾ ಈ ಕೋಣಿ ಬಿಟ್ಟು ಹೊರಗ ಬರೂದಿಲ್ಲ.”

ಮುಖ್ಯಸ್ಥರು ಇಂಜಿನಿಯರನ್ನು ಕೇಳಿದರು, “ಏಮಂಟೋಂದಿ?” ಏನಂತಾಳೆ?

ಕಟ್ಟಡದಲ್ಲಿ ನನ್ನ ಮಾತು ತಿಳಿದ ಒಬ್ಬನೇ ಒಬ್ಬ ಮನುಷ್ಯ ಗಂಟಲು ಸರಿಮಾಡಿಕೊಂಡು ಹೇಳಿದ, “ಥ್ಯಾಂಕ್ಸ್ ಅಂಟೋಂದಿ ಸರ್.”

ಥ್ಯಾಂಕ್ಸ್ ಅಂತಾಳೆ ಸರ್. ಮುಖ್ಯಸ್ಥರು ತಲೆಯಾಡಿಸಿ, ನನ್ನ ಹೆಗಲ ಹತ್ತಿರದ ಗಾಳಿಯನ್ನು ತಟ್ಟಿ ಹೋದರು. ಬಾಗಿಲಲ್ಲಿದ್ದವರೂ ಹೋದರು. ಇಂಜಿನಿಯರು ಉಳಿದರು.

“ಆತಲ್ಲ ತಂಗಿ, ಎಲ್ಲಾ ಸುಸೂತ್ರ ಆತಲ್ಲ” ಎಂದರು.

“ನನಗ ಮೇಡಂ ಅನ್ರಿ” ಎಂದೆ. ಅವರು ಅಂದಿನಿಂದ ಹಾಗೆಯೇ ಕರೆದರು. ಕಟ್ಟಡದಲ್ಲಿ ಕನ್ನಡ ಅಲ್ಲಿಗೆ ಮುಗಿಯಿತು. ಶೇಂಗಾ ಹಿಂಡಿಯೂ.

ಯಾರಿಗೂ ತಲುಪದ ಹಟ ಹಿಡಿದು ಫಲವಿರಲಿಲ್ಲ, ಸಂಜೆ ಕೋಣೆ ಬಿಟ್ಟೆ. ಮನೆಗೆ ಹೋಗಿ ತೆಲುಗಿನ ಒಂದು ವಾಕ್ಯವನ್ನು ಗಟ್ಟಿ ಮಾಡಿದೆ. ಕೆಳಗಿನ ಮನೆಯಾಕೆಯಿಂದ ತಿದ್ದಿಸಿಕೊಂಡೆ. ಯಾರ ಕೈಗೂ, ಯಾರ ಬಾಯಿಗೂ ಅದನ್ನು ಕೊಡಬಾರದು ಎಂದು. ಮರುದಿನ ಬೆಳಗಿನ ಸಭೆಯಲ್ಲಿ ಮುಖ್ಯಸ್ಥರು, ಥಂಡಾ ರೂಮಿನಲ್ಲಿ ಎಸಿಯ ಸಣ್ಣ ತೊಂದರೆ ಇತ್ತು, ಬಗೆಹರಿದಿದೆ ಎಂದು ಹೇಳಿ ಮುಂದಿನ ವಿಷಯಕ್ಕೆ ಹೋದರು. ನಾನು ಎದ್ದು ನಿಂತೆ.

“ನಾ ಚೇತುಲು ತಡಿಗಾ ಲೇವು” ಎಂದೆ. ನನ್ನ ಕೈಗಳು ಒದ್ದೆಯಾಗಿಲ್ಲ.

ಯಾರೋ ನಕ್ಕರು. ಸಭೆಯ ನಡುವೆ ಹೆಂಗಸೊಬ್ಬಳು ಎದ್ದು ನಿಂತು ಇಂಥ ಮಾತು ಹೇಳಿದರೆ ನಗುವುದು ಸಹಜ. ಮುಖ್ಯಸ್ಥರು ಕೂತುಕೋ ಎಂದು ಕೈ ಮಾಡಿದರು. ಕೂಡಲಿಲ್ಲ. ಇನ್ನೊಮ್ಮೆ ಹೇಳಿದೆ. ಈ ಸಲ ಯಾರೂ ನಗಲಿಲ್ಲ, ಕೆಲವರು ತಮ್ಮ ಮೊಬೈಲು ನೋಡಿದರು, ಇಂಜಿನಿಯರು ಛಾವಣಿ ನೋಡಿದರು. ಮುಂದಿನ ವಿಷಯ ಮೇಜಿನ ಮೇಲೆ ಕಾಯುತ್ತಿತ್ತು. ನಾನು ನಿಂತೇ ಇದ್ದೆ. ನಿಂತಿರುವ ಒಬ್ಬಳನ್ನು ಬಿಟ್ಟು ಸಭೆ ಮುಂದೆ ಹೋಗುವುದು ಕಷ್ಟ ಎಂದು ಆಗ ಗೊತ್ತಾಯಿತು.

ಕೊನೆಗೆ ಅವರು ಹೇಳಿದರು: “ಅವುನು. ಲೇವು.” ಹೌದು. ಆಗಿಲ್ಲ.

ಕುಳಿತೆ. ಎರಡೇ ಶಬ್ದ, ಬೇಸರದಿಂದ ಹೇಳಿದ್ದು. ನೆನಪು ಆಗಾಗ ಮೂರನೆಯದೊಂದನ್ನು ತಂದು ಅವರ ಬಾಯಿಗೆ ಸೇರಿಸಲು ನೋಡುತ್ತದೆ. ಕ್ಷಮಿಸಮ್ಮ ಎಂಬಂಥ ಶಬ್ದ. ನಾನು ಅದನ್ನು ಪ್ರತಿ ಸಲವೂ ಹೊಡೆದು ಹೊರಗೆ ಅಟ್ಟುತ್ತೇನೆ. ಅವರು ಅದನ್ನು ಹೇಳಲಿಲ್ಲ.